ಅಪರಿಚಿತ ಗಣಿತ ಸಂಕೇತಗಳ ಓದು: ಕುಂದಾಪುರ ಸೀಮೆಯ ದಾಖಲೆಗಳಿಂದ

ಲೆಕ್ಕದ ಬರಹದಲ್ಲಿ ತಾವು ಕಲಿಯದ ಗುರುತೊಂದು ಎದುರಾದಾಗ ಜನ ಸುಮ್ಮನೆ ಕೈಕಟ್ಟಿ ಕೂರುವುದಿಲ್ಲ. ಆಕಾರ, ಜಾಗ, ಅಕ್ಕಪಕ್ಕದ ಅಂಕಿ, ಆ ಕಾಗದ ಯಾವ ವ್ಯವಹಾರದ್ದು ಎಂಬ ಅರಿವು, ಇವನ್ನೆಲ್ಲ ಕೂಡಿಸಿ ಒಂದು ಅರ್ಥ ಕಟ್ಟಿಕೊಳ್ಳುತ್ತಾರೆ. ಈ ಅರ್ಥ ಕಟ್ಟುವ ಕೆಲಸವೇ ಸಂಕೇತಗಳ ಓದು. ಇದರಲ್ಲಿ ಆಗುವ ತಪ್ಪುಗಳು ಮನಬಂದಂತೆ ಆಗುವುದಿಲ್ಲ. ತಪ್ಪಾಗಿ ಓದಿದವರೂ ಒಂದು ನಿಯಮವನ್ನು ಪಾಲಿಸಿಯೇ ಓದಿರುತ್ತಾರೆ. ಆ ನಿಯಮ ಬೇರೊಂದು ಕಾಲಕ್ಕೋ ಬೇರೊಂದು ಊರಿಗೋ ಸೇರಿದ್ದಾಗಿರುತ್ತದೆ. ಬರೆದವರಿಗೂ ಓದುವವರಿಗೂ ನಡುವೆ ಇದ್ದ ಒಪ್ಪಂದ ಕಾಗದದ ಮೇಲೆ ಬರುವುದಿಲ್ಲ. ಅದು ಗೊತ್ತಿದ್ದವರು ತೀರಿಕೊಂಡ ಮೇಲೆ ಅಂಕಿ ಮಾತ್ರ ಉಳಿಯುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿ ಈ ವಿಷಯವನ್ನು ನೋಡಲು ತಕ್ಕ ಜಾಗ. ಆಳುಪರ ರಾಜಧಾನಿಯಾಗಿದ್ದು ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಬಾರಕೂರು, ವಾರಾಹಿ ದಂಡೆಯ ಹಳೆಯ ಬಂದರು ಬಸರೂರು, ಅಳಿವೆಯ ಈಚೆ ಬದಿಯ ಕೋಡಿ ಮತ್ತು ಆಚೆ ಬದಿಯ ಗಂಗೊಳ್ಳಿ, ಎಲ್ಲವೂ ಇಲ್ಲೇ ಇವೆ. ಶಾಸನದ ಗದ್ಯಾಣ, ಒಕ್ಕಲಿನ ಮುಡಿ, ವ್ಯಾಪಾರಿಯ ಆಣೆ, ಸರ್ವೆ ಇಲಾಖೆಯ ಸೆಂಟ್ಸ್, ಪಂಚಾಂಗದ ಘಟಿ ಎಲ್ಲವೂ ಒಂದರ ಮೇಲೊಂದು ಇಲ್ಲಿ ಬರವಣಿಗೆಗೆ ಇಳಿದಿವೆ. ಎಲ್ಲಕ್ಕೂ ಬಳಸಿದ್ದು ಅದೇ ಹತ್ತು ಅಂಕಿಗಳನ್ನು.

ಒಂದೇ ಬರಹ, ಎರಡು ವಿಸ್ತೀರ್ಣ

ಇಂದಿಗೂ ಜೀವಂತವಾಗಿರುವ ಉದಾಹರಣೆಯಿಂದ ಹೊರಡುವುದು ಒಳ್ಳೆಯದು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 3-25 ಎಂದಿದೆ ಎನ್ನೋಣ. ಕುಂದಾಪುರದವರು ಇದನ್ನು ಮೂರು ಎಕರೆ ಇಪ್ಪತ್ತೈದು ಸೆಂಟ್ಸ್ ಎಂದು ಓದುತ್ತಾರೆ, ಅಂದರೆ ಮೂರೂಕಾಲು ಎಕರೆ. ಶಿರೂರು ದಾಟಿ ಭಟ್ಕಳಕ್ಕೆ ಹೋದರೆ ಅದೇ 3-25 ಮೂರು ಎಕರೆ ಇಪ್ಪತ್ತೈದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 3.625 ಎಕರೆ. ಎರಡು ಓದುಗಳ ನಡುವಿನ ವ್ಯತ್ಯಾಸ ಮೂವತ್ತೇಳೂವರೆ ಸೆಂಟ್ಸ್, ಅಂದರೆ 16,335 ಚದರಡಿ. ಹಲವು ಮನೆ ಕಟ್ಟುವಷ್ಟು ಜಾಗ ಒಂದು ಅಡ್ಡಗೆರೆಯ ಅರ್ಥದಲ್ಲಿ ಹೆಚ್ಚು ಕಡಿಮೆಯಾಗುತ್ತದೆ.

ಇದಕ್ಕೆ ಕಾರಣ ಆಡಳಿತದ ಇತಿಹಾಸ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉತ್ತರ ಕನ್ನಡ, ದಕ್ಷಿಣ ಕನ್ನಡ ಎರಡೂ ಸೇರಿದ್ದ ಕೆನರಾ ಇಡಿಯಾಗಿ ಇಂಗ್ಲಿಷರ ಕೈಗೆ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಒಪ್ಪಿಸಿದಾಗ ಕುಂದಾಪುರ ತಾಲ್ಲೂಕು ಮದ್ರಾಸ್ ಪ್ರಾಂತದಲ್ಲೇ ಉಳಿಯಿತು. ಮದ್ರಾಸಿನ ಸರ್ವೆ ಎಕರೆಯನ್ನು ನೂರು ಭಾಗ ಮಾಡಿತು. ಮುಂಬಯಿಯ ಸರ್ವೆ ನಲವತ್ತು ಗುಂಟೆ ಮಾಡಿ, ಗುಂಟೆಯನ್ನು ಮತ್ತೆ ಹದಿನಾರು ಆಣೆ ಮಾಡಿತು. 1956ರ ನವೆಂಬರ್ 1ರಂದು ಎರಡು ಜಿಲ್ಲೆಗಳೂ ಒಂದೇ ರಾಜ್ಯಕ್ಕೆ ಬಂದವು, ಆದರೆ ಅಳತೆಯ ರೂಢಿ ಬಂದಂತೆಯೇ ಉಳಿಯಿತು. ಉಡುಪಿ ಜಿಲ್ಲೆಯಲ್ಲಿ ಇಂದಿಗೂ ಹತ್ತು ಸೆಂಟ್ಸ್ ಜಾಗ ಎನ್ನುತ್ತಾರೆ. ಅದನ್ನೇ ಬೆಂಗಳೂರಿನವರಿಗೆ ನಾಲ್ಕು ಗುಂಟೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಎಡಗಡೆಯ ಅಂಕಿ ಎಕರೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಬಲಗಡೆಯದಕ್ಕೆ ಪ್ರತಿಯೊಬ್ಬರೂ ತಮ್ಮೂರಿನ ಮಾನವನ್ನು ತುಂಬುತ್ತಾರೆ, ತುಂಬಿದ್ದೇವೆಂಬುದು ಅವರ ಗಮನಕ್ಕೂ ಬರುವುದಿಲ್ಲ. 3-75 ಎಂದಿದ್ದರೆ ಗುಂಟೆಯವರೂ ತಡೆದು ನಿಲ್ಲುತ್ತಾರೆ, ಏಕೆಂದರೆ ಎಪ್ಪತ್ತೈದು ಗುಂಟೆ ಎಂದು ಯಾರೂ ಬರೆಯುವುದಿಲ್ಲ, ಅದು ಒಂದು ಎಕರೆ ಮೂವತ್ತೈದು ಗುಂಟೆಯಾಗಿ ಮೇಲೇರಿರುತ್ತದೆ. ತಪ್ಪು ಓದು ಬಯಲಾಗುವುದು ಇಂಥ ಅಸಾಧ್ಯ ಅಂಕಿ ಕಂಡಾಗ ಮಾತ್ರ. 3-25 ಎರಡೂ ಕಡೆ ಸಾಧ್ಯವಾಗಿರುವುದರಿಂದಲೇ ಅಪಾಯಕಾರಿ. ಇದರೊಳಗೆ ಇನ್ನೊಂದು ತೊಡಕಿದೆ: ಮೂರು ಎಕರೆ ಐದು ಸೆಂಟ್ಸನ್ನು 3-5 ಎಂದು ಬರೆದು, ಮುಂದೆ ಯಾರೋ ಗೆರೆಯ ಬದಲು ಚುಕ್ಕಿಯಿಟ್ಟು 3.5 ಮಾಡಿದರೆ ಐದು ಸೆಂಟ್ಸ್ ಐವತ್ತಾಗುತ್ತದೆ. ಕ್ರಯಪತ್ರಗಳಲ್ಲಿ ಅಂಕಿಯ ಪಕ್ಕದಲ್ಲೇ ಅಕ್ಷರದಲ್ಲಿಯೂ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಕ್ರಿಕೆಟ್ ನೋಡುವವರು ಈ ಬಗೆಯ ಓದಿನಲ್ಲಿ ನುರಿತವರು. 3.4 ಓವರಿಗೆ 2.5 ಓವರ್ ಸೇರಿಸಿದರೆ 6.3 ಎಂದು ಹೈಸ್ಕೂಲು ಹುಡುಗನೂ ತಟ್ಟನೆ ಹೇಳುತ್ತಾನೆ. ಚುಕ್ಕಿಯ ಬಲಗಡೆ ಆರಕ್ಕೆ ಒಂದು ಮೇಲೇರುತ್ತದೆ ಎಂದು ಅವನಿಗೆ ಯಾರೂ ಪಾಠ ಮಾಡಿಲ್ಲ. ಆಟ ಗೊತ್ತಿದ್ದದ್ದರಿಂದ ಸಂಕೇತವೂ ಗೊತ್ತಾಯಿತು.

ಆಣೆಯ ಗೀಟುಗಳು

ಹಳೆಯ ಅಂಗಡಿ ಲೆಕ್ಕದ ಪುಸ್ತಕ ಮೊದಲ ಸಲ ತೆರೆದವರು ಗಾಬರಿಯಾಗುವುದು ಗೀಟುಗಳನ್ನು ಕಂಡು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲದಲ್ಲಿ ಕನ್ನಡದ ಲೆಕ್ಕಿಗರು ಭಿನ್ನರಾಶಿಯನ್ನು ಗೀಟಿನಲ್ಲಿ ಬರೆಯುತ್ತಿದ್ದರು. ಒಂದು ನೆಟ್ಟಗಿನ ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ಹದಿನಾರನೆಯ ಒಂದಕ್ಕೆ, ಅಂದರೆ ವೀಸಕ್ಕೆ, ಬೇರೆ ದಿಕ್ಕಿನ ಗೀಟು. ಅದರಲ್ಲಿಯೂ ಒಂದು, ಎರಡು, ಮೂರು. ಹೀಗೆ ಎರಡು ಬಗೆಯ ಗೀಟುಗಳಿಂದ ಒಂದು ಆಣೆಯಿಂದ ಹದಿನೈದು ಆಣೆಯವರೆಗೆ ಎಲ್ಲವನ್ನೂ ಬರೆಯಬಹುದು. ಹನ್ನೊಂದು ಆಣೆಯೆಂದರೆ ಎರಡು ನೆಟ್ಟ ಗೀಟು, ಮುಂದೆ ಮೂರು ವೀಸದ ಗೀಟು: ಎಂಟು ಕೂಡಿಸು ಮೂರು. ನಾಲ್ಕು ನಾಲ್ಕಾಗಿ ಎಣಿಸುವ ಈ ಕ್ರಮ ಬಹಳ ಜಾಣತನದ್ದು. ಮೂರಕ್ಕಿಂತ ಹೆಚ್ಚು ಗೀಟು ಎಲ್ಲಿಯೂ ಬೇಕಾಗುವುದಿಲ್ಲ, ಕಣ್ಣು ಎಣಿಸದೆಯೇ ಗುರುತಿಸುತ್ತದೆ.

ಇಂದಿನ ಓದುಗರಿಗೆ ಈ ಗೀಟು ಏನಾಗಿ ಕಾಣುತ್ತದೆ? ಐದೂವರೆ ರೂಪಾಯಿಯನ್ನು ಐದರ ಅಂಕಿಯ ಮುಂದೆ ಎರಡು ನೆಟ್ಟ ಗೀಟಿಟ್ಟು ಬರೆದಿದ್ದರೆ, ಇಂಗ್ಲಿಷ್ ಅಂಕಿಗೆ ಒಗ್ಗಿದ ಕಣ್ಣಿಗೆ ಅದು ಐನೂರ ಹನ್ನೊಂದು. ಪುರಾಣ ಓದಿ ಅಭ್ಯಾಸವಿದ್ದವರಿಗೆ ಶ್ಲೋಕದ ಕೊನೆಯ ಜೋಡಿ ದಂಡ, ಆದ್ದರಿಂದ ಮೊತ್ತ ಬರೀ ಐದು. ಎರಡೂ ಓದು ತಮ್ಮ ತಮ್ಮ ರೂಢಿಗೆ ನಿಷ್ಠವಾಗಿವೆ. ಇವೇ ಗೀಟುಗಳು ದೇವನಾಗರಿ, ಗುಜರಾತಿ ಬರವಣಿಗೆಯಲ್ಲೂ ಮರಾಠಿಯ ಮೋಡಿ ಲಿಪಿಯಲ್ಲೂ ಇದ್ದುದರಿಂದ, ಭಾಷೆ ಬೇರೆಯಾದರೂ ವ್ಯಾಪಾರಿಗಳು ಪರಸ್ಪರರ ಮೊತ್ತವನ್ನು ಓದಬಲ್ಲವರಾಗಿದ್ದರು. 2009ರಲ್ಲಿ ಯುನಿಕೋಡ್ ಈ ಆರು ಗುರುತುಗಳಿಗೆ ಸಂಕೇತಸಂಖ್ಯೆ ಕೊಟ್ಟಿತು. ಅದರ ಪಟ್ಟಿಯಲ್ಲಿ ಅವುಗಳಿಗೆ ಉತ್ತರ ಭಾರತದ ಹೆಸರಿದ್ದರೂ ಕನ್ನಡದಲ್ಲಿಯೂ ಬಳಕೆಯೆಂದು ದಾಖಲಾಗಿದೆ. ನಮ್ಮ ಅಜ್ಜಂದಿರ ಕೈಬರಹ ಬೇರೆ ಸೀಮೆಯ ಹೆಸರಿನಡಿ ಕಂಪ್ಯೂಟರಿನೊಳಗೆ ಕುಳಿತಿದೆ.

ವೀಸಕ್ಕಿಂತ ಕೆಳಗೆ ಇಳಿದಾಗ ಗಡಿಯ ಪ್ರಶ್ನೆ ಮತ್ತೆ ಬರುತ್ತದೆ. ಕನ್ನಡ, ತೆಲುಗಿನ ಲೆಕ್ಕದಲ್ಲಿ ಕಾಣಿ ಎಂದರೆ ಅರವತ್ತನಾಲ್ಕನೆಯ ಒಂದು ಭಾಗ. ತಮಿಳು, ಮಲಯಾಳದ ಲೆಕ್ಕದಲ್ಲಿ ಅದು ಎಂಬತ್ತನೆಯ ಒಂದು ಭಾಗ. ಕನ್ನಡ, ಮಲಯಾಳ ಎರಡೂ ಓಡಾಡುವ ಕಾಸರಗೋಡಿನಂಥ ಕಡೆ ಹಳೆಯ ಪತ್ರ ಓದುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಬರೆದ ಕೈ ಯಾವ ಲೆಕ್ಕ ಕಲಿತದ್ದು ಎಂದು.

ಗೀಟು ಬಿಟ್ಟು ಅಂಕಿಯಲ್ಲೇ ಬರೆದ ಪುಸ್ತಕಗಳೂ ಇವೆ: ೨-೧೦-೮ ಎಂದರೆ ಎರಡು ರೂಪಾಯಿ ಹತ್ತು ಆಣೆ ಎಂಟು ಪೈ. ಇಂದಿನ ಮಕ್ಕಳು ಇದನ್ನು ತಾರೀಕು ಎನ್ನುತ್ತಾರೆ, ಕೆಲವರು ವ್ಯವಕಲನ ಎನ್ನುತ್ತಾರೆ. ಆದರೆ ಮಾನ ಗೊತ್ತಿಲ್ಲದವರೂ ಇದನ್ನು ತಾವಾಗಿಯೇ ಬಿಡಿಸಲು ಒಂದು ದಾರಿಯಿದೆ. ಪುಟ ಪುಟ ತಿರುವಿ ಎರಡನೆಯ ಸಾಲಿನಲ್ಲಿ ಹದಿನೈದಕ್ಕಿಂತ ಹೆಚ್ಚಿನ ಅಂಕಿ ಇಲ್ಲ, ಮೂರನೆಯದರಲ್ಲಿ ಹನ್ನೊಂದು ದಾಟುವುದಿಲ್ಲ ಎಂದು ಕಂಡರೆ, ಹದಿನಾರಕ್ಕೂ ಹನ್ನೆರಡಕ್ಕೂ ಮೇಲೇರುವ ಲೆಕ್ಕ ಎಂದು ಊಹಿಸಬಹುದು. ಊಹೆ ಸರಿಯೇ ಎಂದು ನೋಡಲು ಕೂಡಿಸಿದ ಸಾಲು ಸಾಕು: ೨-೧೦-೮ ಮತ್ತು ೩-೯-೬ ಸೇರಿ ಕೆಳಗೆ ೬-೪-೨ ಎಂದಿದ್ದರೆ, ಹದಿನಾಲ್ಕು ಪೈಯಲ್ಲಿ ಒಂದಾಣೆ ಮೇಲೇರಿ ಎರಡು ಉಳಿದಿದೆ, ಇಪ್ಪತ್ತಾಣೆಯಲ್ಲಿ ಒಂದು ರೂಪಾಯಿ ಹೋಗಿ ನಾಲ್ಕು ಉಳಿದಿದೆ. ಅಪರಿಚಿತ ಸಂಕೇತ ಓದುವವರಿಗೆ ಮೊತ್ತದ ಸಾಲಿಗಿಂತ ದೊಡ್ಡ ಗುರುವಿಲ್ಲ. ಬಿಡಿ ಅಂಕಿ ಏನನ್ನೂ ಒಪ್ಪಿಕೊಳ್ಳುವುದಿಲ್ಲ, ನಿರಾಕರಿಸುವುದೂ ಇಲ್ಲ. ಕೂಡಿಸಿದ ಸಾಲು ಎರಡನ್ನೂ ಮಾಡುತ್ತದೆ.

1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯಾ ಪೈಸೆಯಾಯಿತು. ಒಂದಾಣೆ ಆರೂಕಾಲು ಪೈಸೆಯಾಗಿ, ಪೂರ್ಣಸಂಖ್ಯೆಗೆ ಕೂರದೆ ಅಂಗಡಿಗಳಲ್ಲಿ ಕಾಲಕಾಲಕ್ಕೆ ವಾಗ್ವಾದ ಹುಟ್ಟಿಸಿತು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುವ ಪದ್ಧತಿ ಕ್ರಮೇಣ ಶಾಲೆಗಳಿಂದ ಮರೆಯಾಯಿತು. ಮಗ್ಗಿ ಹೋದಂತೆ ಗೀಟು ಓದುವ ಕಣ್ಣೂ ಹೋಯಿತು.

ಮುಡಿಯ ಲೆಕ್ಕ

ಕರಾವಳಿಯ ಒಕ್ಕಲು ಗೇಣಿ ಕೊಡುತ್ತಿದ್ದದ್ದು ಅಕ್ಕಿಯ ಮುಡಿಯಲ್ಲಿ. ದಕ್ಷಿಣ ಕನ್ನಡದ ಸಾಮಾನ್ಯ ಲೆಕ್ಕದಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ೧೦-೨-೭ ಎಂದು ಬರೆದಿದ್ದರೆ ಹತ್ತು ಮುಡಿ, ಎರಡು ಕಳಸಿಗೆ, ಏಳು ಸೇರು. ಬಿಡಿಸಿದರೆ 455 ಸೇರು. ಇಲ್ಲಿ ನಡುವಿನ ಜಾಗದಲ್ಲಿ ಮೂರು ಎಂದೂ ಬರುವುದಿಲ್ಲ. ಆದರೆ ಸೇರು ಎಲ್ಲ ಕಡೆ ಒಂದೇ ಆಗಿರಲಿಲ್ಲ, ಗೇಣಿ ಅಳೆಯುವ ಸೇರಿಗೂ ಅಂಗಡಿಯ ಸೇರಿಗೂ ಜಗಳವಿದ್ದ ಊರುಗಳಿದ್ದವು. ಅಂಕಿ ಸರಿಯಾಗಿ ಓದಿದರೂ ಅಕ್ಕಿಯ ಪ್ರಮಾಣ ತಪ್ಪಬಹುದಿತ್ತು.

ಶಾಸನ ಬರೆಸಿದವರಿಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ಕರಾವಳಿಯ ದಾನಶಾಸನಗಳಲ್ಲಿ ಇಷ್ಟು ಮುಡಿ ಅಕ್ಕಿ ಎಂದು ಬಿಟ್ಟುಬಿಡದೆ, ಇಂತಿಷ್ಟು ಹಾನೆಯ ಮುಡಿ ಎಂದು ಅಳತೆಯನ್ನೂ ಸೇರಿಸುವ ರೂಢಿ ಕಾಣುತ್ತದೆ. ಹಣದ ವಿಷಯದಲ್ಲೂ ಹಾಗೆಯೇ, ಗದ್ಯಾಣ ಎಂದು ಮಾತ್ರ ಹೇಳದೆ ಯಾವ ಗದ್ಯಾಣ ಎಂದು ಹೆಸರಿಸುತ್ತಾರೆ. ಕಾಟಿ ಗದ್ಯಾಣ, ಬಾರಕೂರು ಗದ್ಯಾಣ ಹೀಗೆ. ಈ ಸೀಮೆಯ ಶಾಸನಗಳನ್ನು ಊರೂರು ಅಲೆದು ಓದಿದ ಪಿ. ಗುರುರಾಜ ಭಟ್ಟರ ತುಳುವ ಇತಿಹಾಸ, ಸಂಸ್ಕೃತಿಗಳ ಬೃಹತ್ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಮುಂದಿನವರು ತಮ್ಮ ಲೆಕ್ಕವನ್ನು ಹೇಗೆ ಓದಿಯಾರು ಎಂದು ಯೋಚಿಸಿ ಬರೆದ ಶಾಸನಕಾರರ ಮುಂದಾಲೋಚನೆಗೆ ಗೌರವ ಸಲ್ಲಬೇಕು. ನಮ್ಮ ಪಹಣಿಗೆ ಆ ಗುಣ ಪೂರ್ತಿಯಾಗಿ ಬಂದಿಲ್ಲ.

ಪಂಚಾಂಗದ ಅಂಕಿಯೂ ಇದೇ ಜಾತಿಯದು. ತಿಥಿಯ ಮುಂದೆ ೧೪-೩೫ ಎಂದಿದ್ದರೆ ಗಡಿಯಾರ ಕಲಿತ ಕಣ್ಣು ಮಧ್ಯಾಹ್ನ ಎರಡೂ ಮೂವತ್ತೈದು ಎನ್ನುತ್ತದೆ. ಅದು ಘಟಿ, ವಿಘಟಿ. ಘಟಿಗೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. ಲೆಕ್ಕ ಹಾಕಿದರೆ ಸೂರ್ಯ ಹುಟ್ಟಿದ ಮೇಲೆ ಐದು ಗಂಟೆ ಐವತ್ತು ನಿಮಿಷ. ಉದಯ ಆರೂವರೆಗೆ ಎಂದಾದರೆ ಹನ್ನೆರಡೂ ಇಪ್ಪತ್ತು.

ಪದದೊಳಗೆ ಅಡಗಿಸಿದ ಸಂಖ್ಯೆ

ಸಂಖ್ಯೆಯನ್ನು ಅಂಕಿಯಲ್ಲಿ ಬರೆಯದೆ ಪದದಲ್ಲಿ ಹೇಳುವ ಎರಡು ಪದ್ಧತಿಗಳು ಭಾರತದ ಗಣಿತ, ಜ್ಯೋತಿಷ, ಶಾಸನಗಳಲ್ಲಿ ಬೆಳೆದವು. ಮೊದಲನೆಯದು ಭೂತಸಂಖ್ಯೆ. ಚಂದ್ರ ಒಂದು, ಕಣ್ಣು ಎರಡು, ಅಗ್ನಿ ಅಥವಾ ರಾಮ ಮೂರು, ವೇದ ನಾಲ್ಕು, ಬಾಣ ಐದು, ರಸ ಆರು, ಗಿರಿ ಏಳು, ಗಜ ಎಂಟು, ರಂಧ್ರ ಒಂಬತ್ತು, ಆಕಾಶ ಸೊನ್ನೆ. ಓದುವ ಕ್ರಮ ಬಿಡಿಸ್ಥಾನದಿಂದ ಎಡಕ್ಕೆ. ಶಕವರ್ಷವನ್ನು ರಸ, ಗಿರಿ, ರಾಮ, ಚಂದ್ರ ಎಂದು ಹೇಳಿದ್ದರೆ 1376. ಕ್ರಮ ತಿಳಿಯದವರು 6731 ಎಂದುಕೊಳ್ಳುತ್ತಾರೆ, ಆದರೆ ಅಂಥ ಶಕವರ್ಷ ಇನ್ನೂ ಬಂದಿಲ್ಲವಾದ್ದರಿಂದ ತಪ್ಪು ತಾನೇ ಹೊರಬೀಳುತ್ತದೆ. ಕೊನೆಯ ಎರಡು ಪದಗಳನ್ನು ಕೂಡಿಸಿ ರಾಮಚಂದ್ರನೆಂಬ ವ್ಯಕ್ತಿ ಎಂದು ಓದಿದರೆ ಸಂಖ್ಯೆ ಇದೆಯೆಂಬುದೇ ಮರೆಯಾಗುತ್ತದೆ.

ಕಷ್ಟವಿರುವುದು ಒಂದೇ ಪದಕ್ಕೆ ಹಲವು ಸಂಖ್ಯೆ ಇರುವಲ್ಲಿ. ಸಾಗರ ನಾಲ್ಕೂ ಹೌದು, ಏಳೂ ಹೌದು. ದಿಕ್ಕು ನಾಲ್ಕು, ಎಂಟು, ಹತ್ತು ಎಲ್ಲವೂ ಆಗಬಹುದು. ರಸ ನಾಲಗೆಯದಾದರೆ ಆರು, ಕಾವ್ಯದ್ದಾದರೆ ಒಂಬತ್ತು. ಮತ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ: ಸಾಂಖ್ಯರಿಗೆ ತತ್ತ್ವ ಇಪ್ಪತ್ತೈದು, ಜೈನರಿಗೆ ಏಳು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಜೈನ. ಅವನ ಸಂಖ್ಯಾಪದಗಳಲ್ಲಿ ಆ ದರ್ಶನದ ಪರಿಭಾಷೆ ಸೇರಿಕೊಂಡಿದೆ. ದ್ರವ್ಯ ಆರು ಎಂಬುದು ಜೈನ ಓದುಗನಿಗೆ ಹೇಳದೆಯೇ ಗೊತ್ತು. ಉಳಿದವರು ಟೀಕೆ ನೋಡಬೇಕು. ಆ ಗ್ರಂಥವನ್ನು 1912ರಲ್ಲಿ ಮದ್ರಾಸಿನಲ್ಲಿ ಸಂಪಾದಿಸಿ ಪ್ರಕಟಿಸಿದ ಎಂ. ರಂಗಾಚಾರ್ಯರು ಸಂಖ್ಯಾಪದಗಳ ಪಟ್ಟಿಯನ್ನೇ ಕೊನೆಯಲ್ಲಿ ಸೇರಿಸಬೇಕಾಯಿತು. ಕೆಲವು ಗುಣಲಬ್ಧಗಳನ್ನು ಮಹಾವೀರಾಚಾರ್ಯ ಕೊರಳ ಹಾರವೆಂದು ಬಣ್ಣಿಸುತ್ತಾನೆ. 142857143ನ್ನು ಏಳರಿಂದ ಗುಣಿಸಿದರೆ 1000000001 ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಓದುವ ದಿಕ್ಕಿನ ಗೊಂದಲ ತಟ್ಟದ ಸಂಖ್ಯೆಗಳು ಇವು.

ಎರಡನೆಯ ಪದ್ಧತಿ ಕಟಪಯಾದಿ. ಕ, ಟ, ಪ, ಯ ಇವುಗಳಿಂದ ಎಣಿಸುತ್ತ ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಇದರ ಅತ್ಯಂತ ಪರಿಚಿತ ಬಳಕೆ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲಿದೆ. ರಾಗದ ಹೆಸರಿನ ಮೊದಲ ಎರಡು ಅಕ್ಷರ ತಿರುವಿ ಓದಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು, ಆದ್ದರಿಂದ 15. ಧೀರಶಂಕರಾಭರಣ 29, ಮೇಚಕಲ್ಯಾಣಿ 65, ಖರಹರಪ್ರಿಯ 22. ಇಷ್ಟು ಹೇಳಿಕೊಟ್ಟರೆ ಸಂಗೀತ ಕಲಿಯುವ ಮಗು ಉಳಿದವನ್ನು ತಾನೇ ಬಿಡಿಸುತ್ತದೆ.

ಒತ್ತಕ್ಷರ ಬಂದಾಗ ಮಾತ್ರ ಓದು ಕವಲೊಡೆಯುತ್ತದೆ. ಸಾಮಾನ್ಯ ನಿಯಮದ ಪ್ರಕಾರ ಸಂಯುಕ್ತಾಕ್ಷರದಲ್ಲಿ ಕೊನೆಯ ವ್ಯಂಜನ ಲೆಕ್ಕಕ್ಕೆ ಬರಬೇಕು. ರತ್ನಾಂಗಿಯಲ್ಲಿ ಹಾಗೆಯೇ ಆಗುತ್ತದೆ: ರ ಎರಡು, ತ್ನದಲ್ಲಿ ನ ಸೊನ್ನೆ, ಮೇಳ 2. ಚಕ್ರವಾಕದಲ್ಲಿ ಅದೇ ನಿಯಮ ಹಿಡಿದರೆ ಚ ಆರು, ಕ್ರದಲ್ಲಿ ರ ಎರಡು, 26 ಬರುತ್ತದೆ. ಚಕ್ರವಾಕ 16ನೆಯ ಮೇಳ. ಇಲ್ಲಿ ಲೆಕ್ಕಕ್ಕೆ ಬಂದದ್ದು ಕ. ದಿವ್ಯಮಣಿಯೂ ಹೀಗೆಯೇ, ಯ ಹಿಡಿದರೆ 18, ವ ಹಿಡಿದರೆ ಸರಿಯಾದ 48. ಸಿಂಹೇಂದ್ರಮಧ್ಯಮದಲ್ಲಿ ಸ ಏಳು, ಮುಂದಿನ ಹ ಎಂಟು ಎಂದರೆ 87 ಆಗುತ್ತದೆ, ಅಂಥ ಮೇಳವೇ ಇಲ್ಲ. ಅನುಸ್ವಾರವನ್ನು ಮ ಎಂದು ಎಣಿಸಿದಾಗ 57 ಸಿಗುತ್ತದೆ.

ಈ ನಾಲ್ಕು ರಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಂಕೇತದ ಓದಿನ ಒಳಗುಟ್ಟೆಲ್ಲ ಕಾಣುತ್ತದೆ. 87 ಬಂದಾಗ ಸಂಗೀತ ಬಾರದವರಿಗೂ ಎಡವಿದ್ದು ಗೊತ್ತಾಗುತ್ತದೆ, ಏಕೆಂದರೆ ಎಪ್ಪತ್ತೆರಡರ ಆಚೆ ಮೇಳವಿಲ್ಲ. ಚಕ್ರವಾಕಕ್ಕೆ 26 ಬಂದಾಗ ಅಂಥ ಎಚ್ಚರಿಕೆ ಸಿಗುವುದಿಲ್ಲ. 26 ಚಾರುಕೇಶಿಯ ಸಂಖ್ಯೆ, ಅದೂ ಕಟಪಯಾದಿಗೆ ಸರಿಯಾಗಿ ಹೊಂದುತ್ತದೆ. ತಪ್ಪು ಹಿಡಿಯಬೇಕಾದರೆ ಎರಡು ರಾಗಗಳ ಸ್ವರ ಗೊತ್ತಿರಬೇಕು. ನಿಯಮ ಬಾಯಿಪಾಠವಿದ್ದರೆ ಸಾಲದು, ವಿಷಯವೂ ಕೈಯಲ್ಲಿರಬೇಕು.

ಸಂಖ್ಯೆಯನ್ನು ಅಕ್ಷರದಲ್ಲಿ ಅಡಗಿಸುವುದಕ್ಕೆ ವಿರುದ್ಧವಾಗಿ ಅಕ್ಷರವನ್ನು ಸಂಖ್ಯೆಯಲ್ಲಿ ಅಡಗಿಸಿದ ಕೃತಿ ಕುಮುದೇಂದುವಿನ ಸಿರಿಭೂವಲಯ. 27 ಅಡ್ಡಸಾಲು, 27 ಉದ್ದಸಾಲಿನ ಚೌಕಗಳು, ಪ್ರತಿ ಚೌಕಕ್ಕೆ 729 ಮನೆ, ಮನೆಗಳಲ್ಲಿ ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿ; ಒಂದೊಂದು ಅಂಕಿ ಒಂದೊಂದು ಅಕ್ಷರ. ಮನೆಯಿಂದ ಮನೆಗೆ ಹೋಗುವ ದಾರಿಗೆ ಬಂಧ ಎನ್ನುತ್ತಾರೆ, ದಾರಿ ಗೊತ್ತಿಲ್ಲದಿದ್ದರೆ ಏನೂ ಹೊರಡದು. ಪಂಡಿತ ಯಲ್ಲಪ್ಪ ಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಅದರ ಒಂದು ಭಾಗ 1953ರಲ್ಲಿ ಅಚ್ಚಾಯಿತು. ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದರಲ್ಲಿ ಸಕಲ ಶಾಸ್ತ್ರವೂ ಇದೆಯೆಂಬ ಮಾತುಗಳನ್ನು ಬದಿಗಿಟ್ಟು ನೋಡಿದರೂ, ಸರಿಯಾದ ಬಂಧದಲ್ಲಿ ನಡೆದಾಗ ಸಾಂಗತ್ಯ ಛಂದಸ್ಸಿನ ಕನ್ನಡ ಪದ್ಯ ಹೊರಡುವುದು ಮುಖ್ಯ ಸಾಕ್ಷಿ. ಓದು ಸರಿಯೇ ಎಂದು ಇಲ್ಲಿ ತೀರ್ಮಾನಿಸುವುದು ಛಂದಸ್ಸು.

ತರಗತಿಯಲ್ಲಿ

ಬೀಜಗಣಿತದ ಚಿಹ್ನೆಗಳು ಹುಟ್ಟಿನಿಂದಲೇ ಎಲ್ಲರಿಗೂ ಒಂದೇ ಆಗಿರಲಿಲ್ಲ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಅವ್ಯಕ್ತಕ್ಕೆ ಯಾವತ್ತಾವತ್ ಎಂಬುದರ ಮೊದಲಕ್ಷರ ಯಾ, ಎರಡನೆಯ ಅವ್ಯಕ್ತಕ್ಕೆ ಕಪ್ಪು ಬಣ್ಣದ ಕಾ, ಮೂರನೆಯದಕ್ಕೆ ನೀಲಿಯ ನೀ, ತಿಳಿದ ಸಂಖ್ಯೆಗೆ ರೂ. ರೂ ೫ ಎಂದದ್ದನ್ನು ಇಂದು ಯಾರೇ ಓದಿದರೂ ಐದು ರೂಪಾಯಿ ಎನ್ನುತ್ತಾರೆ. ಋಣಸಂಖ್ಯೆಯ ನೆತ್ತಿಯ ಮೇಲೆ ಒಂದು ಚುಕ್ಕಿ. 1881ರಲ್ಲಿ ಪೇಶಾವರದ ಬಳಿ ಸಿಕ್ಕ ಬಕ್ಷಾಲಿ ಹಸ್ತಪ್ರತಿಯಲ್ಲಂತೂ ಋಣಕ್ಕೆ ಬಳಸಿದ ಗುರುತು ನಮ್ಮ ಕೂಡುವ ಚಿಹ್ನೆಯಂತೆಯೇ ಇದೆ. ಭಿನ್ನರಾಶಿಯಲ್ಲಿ ಅಂಶ ಮೇಲೆ, ಛೇದ ಕೆಳಗೆ, ನಡುವೆ ಗೆರೆಯಿಲ್ಲ. ಪೂರ್ಣಾಂಕವಿದ್ದರೆ ಅದನ್ನೂ ಮೇಲೇ ಇಡುತ್ತಿದ್ದರು. ಮೂರೂಕಾಲು ಎಂದರೆ ಮೂರು, ಒಂದು, ನಾಲ್ಕು ಒಂದರ ಕೆಳಗೊಂದು. ಸಮ ಚಿಹ್ನೆಯ ಎರಡು ಗೆರೆಗಳನ್ನು ರಾಬರ್ಟ್ ರೆಕಾರ್ಡ್ ಅಚ್ಚಿಗೆ ತಂದದ್ದು 1557ರಲ್ಲಿ. ಇಂಥ ಚಿಹ್ನೆಗಳ ಇತಿಹಾಸವನ್ನು ಫ್ಲೋರಿಯನ್ ಕಜೋರಿ 1928 ಮತ್ತು 1929ರಲ್ಲಿ ಎರಡು ಸಂಪುಟಗಳಲ್ಲಿ ಬರೆದಾಗ ಸೋತು ಮರೆಯಾದ ಚಿಹ್ನೆಗಳೂ ಬಹಳ ಪುಟ ಹಿಡಿದವು.

ಮಕ್ಕಳು ಈ ಇತಿಹಾಸ ತಿಳಿಯದೆ ನೇರವಾಗಿ ಗೆದ್ದ ಚಿಹ್ನೆಗಳ ಮುಂದೆ ಕೂರುತ್ತಾರೆ. 2½ ಎಂದರೆ ಎರಡು ಕೂಡಿಸು ಅರ್ಧ ಎಂದು ಐದಾರನೆಯ ತರಗತಿಯಲ್ಲಿ ಕಲಿತ ಮಗುವಿಗೆ, ಸ್ವಲ್ಪ ಕಾಲದಲ್ಲೇ ಎರಡರ ಪಕ್ಕದಲ್ಲಿ ಒಂದು ಅಕ್ಷರವಿಟ್ಟು ಗುಣಿಸು ಎನ್ನುತ್ತೇವೆ. ಅಕ್ಷರದ ಬೆಲೆ ಮೂರಾದರೆ ಮಗು ಇಪ್ಪತ್ತಮೂರು ಎಂದು ಬರೆಯುತ್ತದೆ. ಸ್ಥಾನಬೆಲೆ ಕಲಿಸಿದ್ದು ನಾವೇ, ಮಗು ಅದನ್ನು ನಂಬಿತು. ಪಕ್ಕಪಕ್ಕ ಇಡುವುದಕ್ಕೆ ಮೂರು ಅರ್ಥಗಳಿವೆಯೆಂದು ಬಾಯಿಬಿಟ್ಟು ಹೇಳದ ಪಾಠದ ಕೊರತೆ ಇದು. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎಂಟು ಕೂಡಿಸು ನಾಲ್ಕು ಸಮ ಖಾಲಿ ಜಾಗ ಕೂಡಿಸು ಐದು ಎಂಬ ಲೆಕ್ಕ ಕೊಟ್ಟಾಗ ಮಕ್ಕಳು ಹೆಚ್ಚಾಗಿ 12 ಅಥವಾ 17 ಎಂದು ತುಂಬಿದರು. ಸಮ ಚಿಹ್ನೆ ಅವರಿಗೆ ಉತ್ತರ ಬರೆ ಎಂಬ ಅಪ್ಪಣೆಯಾಗಿತ್ತು, ಎರಡು ಬದಿಯ ಸಮತೆಯಾಗಿರಲಿಲ್ಲ.

ದೊಡ್ಡವರೂ ಕಣ್ಣಿನ ಮಾತು ಕೇಳುತ್ತಾರೆ. ಡೇವಿಡ್ ಲ್ಯಾಂಡಿ ಮತ್ತು ರಾಬರ್ಟ್ ಗೋಲ್ಡ್‌ಸ್ಟೋನ್ 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುಣಾಕಾರ ಮೊದಲು ಎಂಬ ನಿಯಮ ಗೊತ್ತಿದ್ದವರೂ ಕೂಡುವ ಸಂಖ್ಯೆಗಳನ್ನು ಹತ್ತಿರ ಹತ್ತಿರ ಅಚ್ಚುಮಾಡಿ ಗುಣಿಸುವವನ್ನು ದೂರವಿಟ್ಟಾಗ ಹೆಚ್ಚು ಎಡವಿದರು. ಖಾಲಿ ಜಾಗಕ್ಕೆ ಗಣಿತದಲ್ಲಿ ಅರ್ಥವಿಲ್ಲ ಎಂದು ಪುಸ್ತಕ ಹೇಳಿದರೂ ಕಣ್ಣು ಒಪ್ಪುವುದಿಲ್ಲ. ಪಠ್ಯಪುಸ್ತಕ ಅಚ್ಚುಹಾಕಿಸುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಕನ್ನಡ ಅಂಕಿಗಳ ಆಕಾರವೂ ಇಂಥದೇ ಸಮಸ್ಯೆಗಳನ್ನು ಒಡ್ಡುತ್ತದೆ. ಹೊಸಬರ ಕಣ್ಣಿಗೆ ೪ ಎಂಟಿನಂತೆ, ೧ ಸೊನ್ನೆಯಂತೆ ಕಾಣುತ್ತದೆ. ೬ ಮತ್ತು ೯ ಕನ್ನಡಿಗರಿಗೇ ಗಡಿಬಿಡಿ ಮಾಡುತ್ತವೆ. ಸೊನ್ನೆ ಅನುಸ್ವಾರದಂತೆ, ಒಂಬತ್ತು ಅರ್ಕಾವತ್ತಿನಂತೆ ಇರುವುದರಿಂದ ಬೆರಳಚ್ಚಿನಲ್ಲಿ ಒಂದರ ಬದಲು ಇನ್ನೊಂದು ಒತ್ತಿದವರು ಸಾವಿರಾರು. ಮನುಷ್ಯ ಓದುವಾಗ ಏನೂ ಕೆಡುವುದಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಪದ ಸಿಗುವುದೇ ಇಲ್ಲ.

ದಾಖಲೆಗಳ ಸ್ಥಿತಿ

ಹುಣಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆಯ ಕಡತಗಳು, ಅವುಗಳ ಮೇಲೆ ಬಳಪದಲ್ಲಿ ಬರೆದ ಲೆಕ್ಕ, ಓಲೆಗರಿ, ಗೇಣಿ ಚೀಟಿ, ಅಂಗಡಿಯ ಉದ್ದನೆಯ ಪುಸ್ತಕ, ಇವು ಕರಾವಳಿಯ ಹಳೆಯ ಮನೆಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ಇನ್ನೂ ಸಿಗುತ್ತವೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿ ಮುಗಿದ ಮೇಲೆ ಮುಡಿಯ ಲೆಕ್ಕ ಬರೆಯುವ ಅಗತ್ಯ ತಪ್ಪಿತು. ಆ ಲೆಕ್ಕವನ್ನು ಕೈಯಾರೆ ಬರೆದವರು, ತಂದೆ ಬರೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಿದವರು ಈಗ ವೃದ್ಧರು. ಕಾಗದವನ್ನು ಸ್ಕ್ಯಾನ್ ಮಾಡಿ ಉಳಿಸುವುದು ಸುಲಭ, ಹಲವು ಕಡೆ ಆ ಕೆಲಸ ನಡೆದೂ ಇದೆ. ಚಿತ್ರದ ಜೊತೆಗೆ ಆ ಮನೆಯ ಮುಡಿಗೆ ಎಷ್ಟು ಸೇರು, ಸೇರು ಯಾವುದು, ಗೀಟಿನ ಕ್ರಮ ಹೇಗೆ, ಮೂರನೆಯ ಸಾಲಿನ ಅಂಕಿ ಪೈಯೋ ಸೇರೋ ಎಂಬ ಟಿಪ್ಪಣಿ ಇಲ್ಲದಿದ್ದರೆ ಮುಂದೆ ಸಂಶೋಧಕರು ಮೊತ್ತದ ಸಾಲುಗಳಿಂದಲೇ ಎಲ್ಲವನ್ನೂ ಊಹಿಸಬೇಕಾಗುತ್ತದೆ, ಮೊತ್ತವಿಲ್ಲದ ಪುಟಗಳು ಮೂಕವಾಗಿಯೇ ಉಳಿಯುತ್ತವೆ. ಮನೆಯ ಅಟ್ಟದಲ್ಲಿ ಇಂಥ ಪುಸ್ತಕವಿರುವವರು ಅದನ್ನು ಮಾರುವ ಮೊದಲು, ಸುಡುವ ಮೊದಲು, ಮನೆಯ ಹಿರಿಯರ ಮುಂದೆ ಒಂದು ಪುಟ ತೆರೆದಿಟ್ಟು ಓದಿಸಿ, ಅವರು ಹೇಳಿದ್ದನ್ನು ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಡಬೇಕು.